ಇಳಿಸಬಾರದ ಬಳ್ಳಿ

ಎಲೆತೋಟದ ಬಳ್ಳಿಗಳನ್ನೆಲ್ಲ ಇಳಿಸಿ, ಆದರೆ ಕಾಲುವೆ ಮೂಲೆಯ ಅಗಸೆ ಮರದ ಮೇಲಿರುವುದನ್ನು ಮಾತ್ರ ಮುಟ್ಟಬೇಡಿ ಎಂದು ಹೊಳೆಮ್ಮ ಹೇಳಿದಾಗ ತಿರುಮಲ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಂಥದ್ದು ಅವಳ ಮುಖದಲ್ಲಿ ಏನೂ ಇರಲಿಲ್ಲ. ಎಲೆ ಕೊಯ್ಯುವವರು ಹೆಬ್ಬೆರಳಿಗೆ ತೊಡುವ ತಗಡಿನ ಉಗುರನ್ನು ಬಿಚ್ಚಿ ಸೆರಗಿಗೆ ಕಟ್ಟಿಕೊಂಡು ಅವಳು ಮತ್ತೊಮ್ಮೆ ಹೇಳಿದಳು.

"ಅದರ ಬುಡದಾಗ ಮಾಟ ಐತ್ರಿ ಆಚಾರ್ರ. ನಿಂತಷ್ಟು ದಿನ ನಿಂದ್ರಲಿ, ಇಳಿಸಬ್ಯಾಡ್ರಿ."

"ಮಾಟ ಆದ ಬಳ್ಳಿ ಸೊಕ್ಕಿ ಬೆಳೀಬೇಕಲ್ಲ ಹೊಳೆಮ್ಮ," ಎಂದ ತಿರುಮಲ. "ಇದಕ್ಕ ಮಾಟ ಆಗಿಲ್ಲ, ಮುಪ್ಪಾಗ್ಯದ."

ತಿರುಮಲ ಆ ತೋಟಕ್ಕೆ ಹೊಸಬ. ಹೊಸಪೇಟೆಯಲ್ಲಿ ಗುಮಾಸ್ತಿಕೆ ಮಾಡಿ, ಕುರ್ಚಿಯ ಮೇಲೆ ಕೂತು ಕೂತು ಬೇಸತ್ತಿದ್ದ. ಡ್ಯಾಮಿನ ನೀರು ಹರಿದ ಮೇಲೆ ಸುತ್ತಲಿನವರು ಕಬ್ಬು, ಬಾಳೆ ಬೆಳೆದು ಮಹಡಿ ಮನೆ ಕಟ್ಟಿಸುವುದನ್ನು ನೋಡಿ ನೋಡಿ, ಕಡೆಗೆ ಕಮಲಾಪುರದ ಹತ್ತಿರ ಕಾಲುವೆ ಕೆಳಗಿನ ಈ ವೀಳ್ಯದೆಲೆ ತೋಟವನ್ನು ಕೊಂಡು, ಹೆಂಡತಿ ಗಂಗಾಬಾಯಿ ಮತ್ತು ಮಗಳು ರುಕ್ಕುವನ್ನು ಕರೆದುಕೊಂಡು ಊರಿಗೇ ಬಂದು ನಿಂತ. ಗಿಡ ಕಂಡರೆ ಅವನಿಗೆ ಪ್ರಾಣ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಚಿಗುರು ಮುರಿದರೆ ಅವನ ಮುಖ ಬಾಡುತ್ತಿತ್ತು. ಆದರೆ ಆ ಪ್ರೀತಿಯ ಜೊತೆಗೆ, ತನಗೆ ತಿಳಿಯದ್ದೇನೂ ಲೋಕದಲ್ಲಿ ಇಲ್ಲವೆಂಬ ಜಂಬವೂ ಧಾರಾಳವಾಗಿತ್ತು.

ಹೊಳೆಮ್ಮ ತೋಟದ ಜೊತೆಗೇ ಬಂದವಳು. ಹಿಂದೆ ಅದು ಅವಳ ಗಂಡನದೇ. ಅವನು ಸತ್ತ ಮೇಲೆ ಮೈದುನರು ಅವಳನ್ನು ಒಂದು ಮಾತೂ ಕೇಳದೆ ಮಾರಿಬಿಟ್ಟರು. ಅವಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ತನ್ನದೇ ತೋಟದಲ್ಲಿ ಕೂಲಿಗೆ ನಿಂತು ಎಲೆ ಕೊಯ್ದಳು. ದಿನವೂ ಸಂಜೆ ಒಂದು ಕೊಡ ನೀರು ತಂದು ಅಗಸೆ ಮರದ ಬುಡಕ್ಕೆ ಸುರಿದು, ಏನೋ ಗೊಣಗಿಕೊಂಡು ಹೋಗುತ್ತಿದ್ದಳು. ಮುದುಕಿ ಅಲ್ಲಿ ಚಿನ್ನ ಹುಗಿದಿಟ್ಟಿರಬೇಕು ಎಂದು ತಿರುಮಲ ಹೆಂಡತಿಯ ಮುಂದೆ ಹಾಸ್ಯ ಮಾಡುತ್ತಿದ್ದ.

ಎಲೆತೋಟದ ಕೆಲಸವೇ ಹಾಗೆ. ಬಳ್ಳಿ ಮರದ ತುದಿ ಮುಟ್ಟಿದ ಮೇಲೆ ಅದನ್ನು ಮೆಲ್ಲಗೆ ಬಿಡಿಸಿ, ಕೆಳಗೆ ತಂದು, ಬುಡದಲ್ಲಿ ಸಿಂಬೆಯಂತೆ ಸುತ್ತಿ ಮಣ್ಣು ಮುಚ್ಚುತ್ತಾರೆ. ತುದಿಯನ್ನಷ್ಟೇ ಹೊರಗೆ ಬಿಟ್ಟು ಮತ್ತೆ ಮರಕ್ಕೆ ಹಬ್ಬಿಸುತ್ತಾರೆ. ಮಣ್ಣಿನೊಳಗಿನ ಸಿಂಬೆ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಹಳೆಯ ಬಳ್ಳಿಗೆ ಹೊಸ ಹರೆಯ ಬರುತ್ತದೆ. ಇಳಿಸದೆ ಬಿಟ್ಟ ಬಳ್ಳಿಯ ಎಲೆ ವರ್ಷವರ್ಷಕ್ಕೂ ಕಿರಿದಾಗುತ್ತದೆ. ಅಗಸೆ ಮರದ ಬಳ್ಳಿ ಹಾಗೆಯೇ ಬಡಕಲಾಗಿತ್ತು. ತಿರುಮಲನಿಗೆ ಅದನ್ನು ನೋಡಲಾಗಲಿಲ್ಲ.

ಹೊಳೆಮ್ಮ ಪೇಟೆಗೆ ಹೋದ ಒಂದು ದಿನ ಅವನೇ ಏಣಿ ಹಾಕಿದ. ರುಕ್ಕು ಕೆಳಗೆ ನಿಂತಿದ್ದಳು. ಇನ್ನೂ ಶಾಲೆಗೆ ಹಾಕದ ಕೂಸು, ಅಪ್ಪನ ಬಾಲ. ಎಲೆತೋಟದೊಳಗೆ ನಡುಮಧ್ಯಾಹ್ನವೂ ಕತ್ತಲೆ. ತಂಪು ಮಣ್ಣಿನ ವಾಸನೆ, ಎಲೆಯ ಖಾರದ ವಾಸನೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಬಳ್ಳಿ ಇಳಿಯುತ್ತ ಬಂದು ರುಕ್ಕುವಿನ ಜಡೆಗೆ ಸುತ್ತಿಕೊಂಡಿತು. ಅವಳು ಕಿಲಕಿಲ ನಕ್ಕಳು. ಬಿಡಿಸಲು ನೋಡಿದಷ್ಟೂ ಬಿಗಿಯಿತು. ಕೊನೆಗೆ ತಿರುಮಲ ಕುಡುಗೋಲಿನಿಂದ ಒಂದು ಎಳೆ ಕೂದಲು ಕತ್ತರಿಸಿ ಮಗಳನ್ನು ಬಿಡಿಸಿದ. ಕೂದಲು ಬಳ್ಳಿಯಲ್ಲೇ ಉಳಿಯಿತು. ಬಳ್ಳಿಯ ಜೊತೆ ಸಿಂಬೆಯಾಗಿ ಮಣ್ಣಿಗೆ ಹೋಯಿತು.

ಸಂಜೆ ಬಂದ ಹೊಳೆಮ್ಮ ಬುಡದ ಹಸಿ ಮಣ್ಣು ನೋಡಿ ಅಲ್ಲೇ ಕೂತು ಅದರ ಮೇಲೆ ಅಂಗೈ ಇಟ್ಟಳು. ಬೈಯಲಿಲ್ಲ. ಒಳಗೆ ಬೇರೆ ಏನಾದರೂ ಹೋಯಿತೇ ಎಂದು ಅದೊಂದನ್ನೇ ಕೇಳಿದಳು. ಏನೂ ಇಲ್ಲ ಎಂದ ತಿರುಮಲ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕೂದಲನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬಳ್ಳಿ ಚಿಗುರಿತು. ಅಂಥ ಚಿಗುರನ್ನು ಯಾರೂ ಕಂಡಿರಲಿಲ್ಲ. ಒಂದೊಂದು ಎಲೆಯೂ ಅಂಗೈ ಅಗಲ, ಬೆಣ್ಣೆಯಂಥ ನುಣುಪು. ಹೊಸಪೇಟೆಯ ಎಲೆ ಅಂಗಡಿಯವರು ಆಚಾರ್ರ ತೋಟದ ಪೆಂಡಿಗೆ ಕಾದು ನಿಲ್ಲತೊಡಗಿದರು. ಆ ಬಳ್ಳಿಯ ಎಲೆಯನ್ನು ತಿರುಮಲ ಬೇರೆಯವರಿಗೆ ಕೊಯ್ಯಲು ಬಿಡುತ್ತಿರಲಿಲ್ಲ, ತಾನೇ ಕೊಯ್ಯುತ್ತಿದ್ದ. ಮಾಟ ಮಸ್ತ್ ಫಲ ಕೊಟ್ಟಿದೆ ಎಂದು ಹೊಳೆಮ್ಮನನ್ನು ಕೆಣಕಿಯೂ ಕೆಣಕಿದ. ಅವಳು ತಲೆ ಎತ್ತಲಿಲ್ಲ.

ಮನೆಯಲ್ಲಿ ರುಕ್ಕು ಬಡವಾಗುತ್ತ ಹೋದಳು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಉಸಿರಿನಲ್ಲಿ ಎಲೆಯ ಖಾರದ ವಾಸನೆ. ಕದ್ದು ಎಲೆ ತಿನ್ನುತ್ತಾಳೆಂದು ಗಂಗಾಬಾಯಿ ಗದರಿದಳು, ಆಮೇಲೆ ತಾನೇ ಅತ್ತಳು. ಕೆಲವು ದಿನ ಇದ್ದಕ್ಕಿದ್ದಂತೆ ಮಗು ಬೆರಳು ಹಿಡಿದುಕೊಂಡು ಕಿರುಚುತ್ತಿತ್ತು. ಡಾಕ್ಟರು ಕಣ್ಣು, ನಾಲಗೆ ನೋಡಿ ಟಾನಿಕ್ಕು ಬರೆದುಕೊಟ್ಟರು. ಆ ಕೆಲವು ದಿನ ಯಾವುವು ಎಂದು ಯಾರೂ ಕೂಡಿಸಿ ನೋಡಲಿಲ್ಲ.

ಒಂದು ಮಧ್ಯಾಹ್ನ ಗಂಗಾಬಾಯಿ ಬುತ್ತಿಯ ಜೊತೆ ಮಗಳನ್ನೂ ಎತ್ತಿಕೊಂಡು ತೋಟಕ್ಕೆ ಬಂದಳು. ತಿರುಮಲ ಅಗಸೆ ಮರದ ಹತ್ತಿರವೇ ಇದ್ದ. ಮಗಳ ಕಡೆ ನೋಡಿ ನಗುತ್ತಲೇ ಒಂದು ಎಲೆ ಚಿವುಟಿದ.

ರುಕ್ಕು ಚೀರಿದಳು. ಕಿರುಬೆರಳಿನ ಉಗುರು ಬುಡದಿಂದ ಎದ್ದು ರಕ್ತ ಜಿನುಗಿತು.

"ಅಪ್ಪಾ, ಬ್ಯಾಡ," ಎಂದಿತು ಕೂಸು.

ಅಲ್ಲಿಗೆ ನಿಲ್ಲಿಸಿದ್ದರೆ ಅವನನ್ನು ಮನುಷ್ಯ ಎನ್ನಬಹುದಿತ್ತು. ಆದರೆ ನಂಬದವನಿಗೆ ಪರೀಕ್ಷೆ ಮಾಡುವ ಚಟ. ಕಾಕತಾಳೀಯವಿರಬೇಕು ಎಂದುಕೊಂಡು, ಮಗಳ ಮುಖ ನೋಡುತ್ತಲೇ, ಇನ್ನೊಂದು ಎಲೆ ಚಿವುಟಿದ. ಇನ್ನೊಂದು ಉಗುರು ಎದ್ದಿತು. ಆ ಎರಡನೆಯ ಎಲೆಯನ್ನು ಅವನು ಮುಂದೆ ಜೀವವಿರುವ ತನಕ ಮರೆಯಲಿಲ್ಲ.

ಅವನು ಹೊಳೆಮ್ಮನ ಕಾಲಿಗೆ ಬಿದ್ದು ಕೂದಲಿನ ಸಂಗತಿ ಹೇಳಿದ. ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. ಅವಳಿಗೂ ಒಬ್ಬ ಮಗಳಿದ್ದಳು, ಹಂಪಮ್ಮ. ಸೀರೆ ಉಡುವ ವಯಸ್ಸಿಗೆ ಬಂದಿದ್ದಳು. ತೋಟದ ಮೇಲೆ ಕಣ್ಣು ಬಿದ್ದ ನೆಂಟರು ಯಾರೋ, ಬಳ್ಳಿ ಇಳಿಸುವ ದಿನ ಅವಳ ಬಾಚಣಿಗೆಯ ಕೂದಲು ಕದ್ದು, ಮಂತ್ರ ಹಾಕಿಸಿ, ಇದೇ ಸಿಂಬೆಯೊಳಗೆ ಇಟ್ಟುಬಿಟ್ಟರು. ಬಳ್ಳಿ ಏರಿತು, ಹುಡುಗಿ ಒಣಗಿದಳು. ಸಂಡೂರಿನಿಂದ ಮಾಟ ತೆಗೆಯಬಲ್ಲವನನ್ನು ಕರೆತರುವ ಹೊತ್ತಿಗೆ ಹಂಪಮ್ಮನನ್ನು ಮಣ್ಣು ಮಾಡಿ ಆಗಿತ್ತು. ಮೈ ಹೋಗಿದೆ, ಉಸಿರು ಮಾತ್ರ ಬಳ್ಳಿಯಲ್ಲಿದೆ, ಈಗ ಎತ್ತಿದರೆ ಅದಕ್ಕೆ ಹೋಗಿ ಸೇರಲು ಮನೆಯೇ ಇಲ್ಲ ಎಂದ ಅವನು. ಕಡಿಯಬೇಡಿ, ಇಳಿಸಬೇಡಿ, ಇದ್ದಷ್ಟು ದಿನ ಇರಲಿ ಎಂದ. ಬೇರೆ ಯಾರ ಕೂದಲು ಆ ಸಿಂಬೆಗೆ ಬಿದ್ದರೂ ಬಳ್ಳಿ ಅವರನ್ನೂ ಹಿಡಿಯುತ್ತದೆ ಎಂದೂ ಎಚ್ಚರಿಸಿದ್ದ.

"ದಿನಾ ನೀರು ಹಾಕಿ ಮಾತಾಡಸ್ತೀನ್ರಿ," ಎಂದಳು ಹೊಳೆಮ್ಮ. "ಗಾಳಿ ಇಲ್ಲದಾಗೂ ಎಲಿ ಅಲಗತಾವ. ನನಗ ಅಷ್ಟ ಸಾಕಾಗಿತ್ತು."

ರುಕ್ಕುವಿಗೆ ಮೈ ಇನ್ನೂ ಇದೆ. ಇಳಿಸಿದ ಕೈಯೇ ಸಿಂಬೆಯನ್ನು ಎತ್ತಬೇಕು, ಕೂದಲು ತುಂಡಾಗದೆ ಹೊರಗೆ ಬರಬೇಕು. ತುಂಡಾದರೆ ಉಸಿರೂ ತುಂಡು. ಇಷ್ಟು ಹೇಳಿ ಅವಳು ಎದ್ದು ಹೋದಳು. ತಿರುಮಲನಿಗೆ ಕೈ ಬರಲಿಲ್ಲ. ಎಳೆಯೆಲ್ಲಾದರೂ ಕಿತ್ತುಹೋದರೆ ಎಂದು ಹೆದರಿ, ಎಲೆ ಕೊಯ್ಯುವುದನ್ನಷ್ಟೇ ನಿಲ್ಲಿಸಿದ. ಮಗಳ ಚೀರಾಟ ನಿಂತಿತು. ಬದುಕಿದೆವು ಎಂದುಕೊಂಡರು ಗಂಡ ಹೆಂಡತಿ.

ಕೊಯ್ಯದ ಎಲೆ ಬಲಿತು ಹಣ್ಣಾಗುತ್ತದೆ, ಹಣ್ಣಾದದ್ದು ಉದುರುತ್ತದೆ. ಮೊದಲನೆಯ ಹಳದಿ ಎಲೆ ಬಿದ್ದ ದಿನ ರುಕ್ಕು ಕಾಗೆಗೆ ಏನನ್ನುತ್ತಾರೆಂದು ಮರೆತಳು. ಮತ್ತೊಂದು ಬಿತ್ತು, ನೀರು ಎನ್ನುವುದನ್ನು ಮರೆತಳು. ಬಾಯಾರಿದರೆ ಸುಮ್ಮನೆ ಗೋಡೆ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಗಂಗಾಬಾಯಿ ಎತ್ತಿಕೊಳ್ಳಲು ಹೋದರೆ, ಗುರುತಿಲ್ಲದವರನ್ನು ಕಂಡಂತೆ ಸರಿದುಕೊಂಡಳು. ಅಮ್ಮ ಎಂಬ ಮಾತು ರಾತ್ರಿ ಉದುರಿತ್ತು. ಗಂಗಾಬಾಯಿ ಬಾಗಿಲ ಬಳಿ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತದ್ದನ್ನು ನೋಡಿ, ತಿರುಮಲ ಮೇಲಂಗಿಯನ್ನೂ ಹಾಕಿಕೊಳ್ಳದೆ ತೋಟಕ್ಕೆ ಓಡಿದ.

ಹೊಳೆಮ್ಮ ಅಲ್ಲೇ ಇದ್ದಳು. ಅವನು ಬರುತ್ತಾನೆಂದು ಗೊತ್ತಿದ್ದವಳಂತೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಗುದ್ದಲಿ ಹಾಕುವಂತಿಲ್ಲ. ಬೆರಳಿನಲ್ಲೇ ಕೆದಕಿದ. ಮೇಲಿನ ಮಣ್ಣು ತಂಪು. ಒಳಗಿನದು ಬೆಚ್ಚಗೆ. ಇನ್ನೂ ಒಳಗೆ ಜ್ವರ ಬಂದ ಮೈಯಷ್ಟು ಬಿಸಿ. ಖಾರದ ವಾಸನೆ ಮೂಗಿಗೆ ಅಡರಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಹರಳೆಣ್ಣೆ ಹಚ್ಚಿದ ತಲೆಯದು. ತೋಟದಲ್ಲಿ ನೀರಿನ ಸದ್ದು ನಿಂತಿತು. ಹಕ್ಕಿಯ ಸದ್ದು ನಿಂತಿತು. ಮಣ್ಣಿನೊಳಗಿಂದ ಉಸಿರು ಕೇಳಿಸಿತು. ಒಂದು. ಅದರ ಹಿಂದೆಯೇ ಇನ್ನೊಂದು.

ಸಿಂಬೆ ಕೈಗೆ ಸಿಕ್ಕಿತು. ಬಿಳಿ ಬೇರುಗಳು ಬೆರಳಿಗೆ ಸುತ್ತಿಕೊಂಡವು. ಬಿಡಿಸಿದ. ಮತ್ತೆ ಸುತ್ತಿಕೊಂಡವು. ಬೇರಿನ ನಡುವೆ ಕೂದಲು ಕಂಡಿತು. ತೆಳ್ಳಗೆ, ಚಿಕ್ಕದು. ಮಗಳದು. ಮೆಲ್ಲಗೆ ಎಳೆದ. ಬರಲಿಲ್ಲ. ಬಗ್ಗಿ ನೋಡಿದ. ಅದರ ಸುತ್ತ ಇನ್ನೊಂದು ಕೂದಲು ಹೆಣೆದುಕೊಂಡಿತ್ತು. ಉದ್ದನೆಯದು, ಕಪ್ಪು, ನಿನ್ನೆ ಬಾಚಿದಂತೆ ಹೊಳೆಯುತ್ತಿತ್ತು. ಗಂಟು ಇಲ್ಲ, ತುದಿ ಇಲ್ಲ. ಒಂದನ್ನು ಬಿಡಿಸಬೇಕಾದರೆ ಇನ್ನೊಂದನ್ನು ಹರಿಯಬೇಕು.

ಮೇಲೆ ಎಲೆಗಳು ಉದುರತೊಡಗಿದವು. ಒಂದರ ಹಿಂದೆ ಒಂದು. ಹಸಿರು ಎಲೆಗಳೇ. ಮನೆಯಲ್ಲಿ ಮಗು. ಅವನು ಹೊಳೆಮ್ಮನ ಕಡೆ ನೋಡಲಿಲ್ಲ. ನೋಡುವ ಮುಖ ಅವನಿಗಿರಲಿಲ್ಲ.

"ನೀವು ನಿಮ್ಮದನ್ನ ಹಿಡಕೋರಿ," ಎಂದಳು ಹೊಳೆಮ್ಮ. "ನನ್ನದನ್ನ ನಾ ಹರೀತೀನಿ. ಬ್ಯಾರೇರ ಕೈಯಾಗ ಬ್ಯಾಡ."

ಅವಳು ಮಣ್ಣಿನಲ್ಲಿ ಕೈ ಇಟ್ಟಳು. ಆ ಕೂದಲನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿದಳು. ಹಂಪಮ್ಮಾ, ನನ್ನವ್ವಾ ಎಂದಳು. ಹರಿದಳು.

ಸಣ್ಣ ಸದ್ದು. ಒಂದು ಉಸಿರು ನಿಂತಿತು. ರುಕ್ಕುವಿನ ಎಳೆ ಇಡಿಯಾಗಿ ತಿರುಮಲನ ಅಂಗೈಗೆ ಬಂತು. ಮರದ ಮೇಲಿನ ಬಳ್ಳಿ ಕಪ್ಪಾಗಿ, ಒಣಗಿ, ಅವರಿಬ್ಬರ ಬೆನ್ನ ಮೇಲೆ ಬಿದ್ದಿತು.

ಸಂಜೆಯ ಹೊತ್ತಿಗೆ ರುಕ್ಕು ನೀರು ಕೇಳಿದಳು. ಮಾರನೆಯ ದಿನ ಅಮ್ಮನ ಕೊರಳಿಗೆ ಜೋತುಬಿದ್ದಳು. ಮನೆಯಲ್ಲಿ ಪಾಯಸ ಮಾಡಿದರು. ತಿರುಮಲ ತನ್ನ ಬಟ್ಟಲನ್ನು ಮಗಳ ಕಡೆ ಸರಿಸಿದ.

ಮಗು ಚೇತರಿಸಿಕೊಂಡು ಕೂತು ಮೊಸರನ್ನ ಉಣ್ಣುವಾಗ ಒಂದು ದಿನ, ಆ ಅಕ್ಕ ಎಲ್ಲಿ ಎಂದು ಕೇಳಿತು. ಯಾವ ಅಕ್ಕ ಎಂದ ತಿರುಮಲ. ಕತ್ತಲೆಯಲ್ಲಿ ಇದ್ದಳಲ್ಲ, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳಲ್ಲ ಎಂದಳು ರುಕ್ಕು. ಅಳಬೇಡ, ನಮ್ಮವ್ವ ದಿನಾ ನೀರು ತಂದು ಹಾಕುತ್ತಾಳೆ, ಒಂದು ದಿನ ಕರೆದುಕೊಂಡು ಹೋಗಲು ಬಂದೇ ಬರುತ್ತಾಳೆ ಎನ್ನುತ್ತಿದ್ದಳಂತೆ. ಮೇಲೆ ಬೆಳಕು ಬಿದ್ದಾಗ ಅಕ್ಕ ಅವಳನ್ನು ಹೆಗಲ ಮೇಲೆ ಹೊತ್ತು ಮೇಲಕ್ಕೆ ದೂಡಿದಳಂತೆ.

"ಆಮ್ಯಾಲೆ ನನ್ನೂ ಎಳಕೋ ಅಂತ ಕೈ ಚಾಚಿದ್ಲು ಅಪ್ಪಾ. ಹಿಡಕೊಂಡಿದ್ದೆ. ಜಾರಿಹೋತು."

ತಿರುಮಲ ತುತ್ತು ಬಿಟ್ಟು ಎದ್ದ. ಹೊಳೆಮ್ಮ ಎಲೆ ಕೊಯ್ಯುವುದನ್ನು ಬಿಟ್ಟಿದ್ದಳು. ಬೋಳು ಅಗಸೆ ಮರದ ಕೆಳಗೆ ಸುಮ್ಮನೆ ಕೂತಿರುತ್ತಿದ್ದಳು. ಅವನು ಎದುರಿಗೆ ಹೋಗಿ ನಿಂತಾಗ ಅವಳೇ ಕೇಳಿದಳು, ನಿಮ್ಮ ಮಗಳು ಒಳಗೆ ಯಾರನ್ನಾದರೂ ಕಂಡಳೇನು ಎಂದು.

ಇಲ್ಲ ಎಂದರೆ, ಇಷ್ಟು ವರ್ಷ ಆ ತಾಯಿ ನೀರು ಹಾಕಿದ್ದು ಬರೀ ಮಣ್ಣಿಗೆ. ಹೌದು ಎಂದರೆ, ಅವಳು ಹರಿದದ್ದು ಮಗಳನ್ನೇ. ಒಬ್ಬ ಅಕ್ಕ ಇದ್ದಳಂತೆ, ರುಕ್ಕುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳಂತೆ, ಹೆಗಲ ಮೇಲೆ ಹೊತ್ತು ಮೇಲೆ ಕಳಿಸಿದಳಂತೆ ಎಂದು ತಿರುಮಲ ತಡವರಿಸುತ್ತ ಹೇಳಿದ.

ಹೊಳೆಮ್ಮನ ಮುಖ ಅರಳಿತು. ಅವಳು ನಕ್ಕದ್ದನ್ನು ಅವನು ಕಂಡದ್ದು ಅದೇ ಮೊದಲು.

"ಹಂಪಮ್ಮನ," ಎಂದಳು. "ಅಳೋ ಕೂಸು ಕಂಡ್ರ ಎತ್ತಿಕೊಳ್ಳದಿದ್ರ ಆಕಿಗೆ ತಡೀತಿದ್ದಿಲ್ಲ."

ಆಮೇಲೆ, ಕಡೆಗೆ ಏನೆಂದಳಂತೆ ಎಂದು ಕೇಳಿದಳು. ಏನೂ ಅನ್ನಲಿಲ್ಲವಂತೆ ಎಂದ ತಿರುಮಲ. ಹೊಳೆಮ್ಮ ಅವನನ್ನೇ ನೋಡುತ್ತ ಕೂತಳು. ಚಾಚಿದ ಕೈಯ ಮಾತನ್ನೂ ಅವನು ಹೇಳಿಬಿಟ್ಟ.

ಅವಳು ಅಳಲಿಲ್ಲ. ತಿರುಗಿ ಕೂತು, ಎರಡೂ ಕೈಯನ್ನು ಸಡಿಲ ಮಣ್ಣಿನೊಳಗೆ ಇಳಿಸಿ ಅಗೆಯತೊಡಗಿದಳು. ಅಲ್ಲೇನೂ ಉಳಿದಿಲ್ಲ ಹೊಳೆಮ್ಮ, ಎಲ್ಲ ನಾನೇ ತೆಗೆದಿದ್ದೇನೆ ಎಂದು ಅವನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ತಿರುಮಲ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಏನೂ ಸಿಗುವುದಿಲ್ಲವೆಂದು ಗೊತ್ತಿದ್ದೂ, ತಾನೂ ಅಗೆಯತೊಡಗಿದ.