ಕಡಿದ ಬನ್ನಿಮರದ ಜಾಗ

ಬೈಲಹೊಂಗಲದ ನಮ್ಮ ಕಾಲೇಜಿನ ಪರಿಸರ ಇತಿಹಾಸವನ್ನು ಬರೆಯುವ ಹೊಣೆ ನನ್ನದಾಗಿತ್ತು. ಕಳೆದ ವರ್ಷ ಕಡಿದ ಬನ್ನಿಮರದ ಉಲ್ಲೇಖವನ್ನು ತೆಗೆಯುವಂತೆ ಪ್ರಾಚಾರ್ಯ ಭಾರ್ಗವ ಸರ್ ಒತ್ತಾಯಿಸಿದರು. ಅದು ಉಳಿದರೆ, ಸಭಾಭವನಕ್ಕಾಗಿ ಪಕ್ಕದ ಬನ್ನಿಗಳನ್ನೂ ಕಡಿಯಲು ಅನುಮತಿ ಸಿಗುವುದು ಕಷ್ಟವಿತ್ತು. ನಾನು ಒಪ್ಪದೆ ಅವರನ್ನು ಆ ಜಾಗಕ್ಕೇ ಕರೆದೊಯ್ದೆ.

ಇಳಿಹೊತ್ತಿನ ಬಿಸಿಲು ಸುಡುತ್ತಿತ್ತು. ಅಲ್ಲಿನ ಮಣ್ಣು ಮಾತ್ರ ತಣ್ಣಗಿತ್ತು. ಗಾಳಿಯಿಲ್ಲದಿದ್ದರೂ ತಲೆಯ ಮೇಲೆ ಎಲೆಗಳ ಸದ್ದು ಕೇಳಿಸುತ್ತಿತ್ತು.

“ಮರಾನ ಇಲ್ಲಲ್ಲರೀ ಶ್ರದ್ಧಾ! ಈ ದಸರಾಕ್ಕ ಬನ್ನಿ ಇಲ್ಲೇ ಮುಡೀತೀರೇನು?” ಎಂದು ಸರ್ ನಕ್ಕರು.

“ನಿಮ್ಮ ನೆರಳು ಎಲ್ಲೈತಿ, ನೋಡ್ರಿ ಸರ್.”

ಬಿಸಿಲಿನಲ್ಲೇ ನಿಂತಿದ್ದರೂ ನಮ್ಮಿಬ್ಬರ ನೆರಳು ನೆಲದ ಮೇಲಿರಲಿಲ್ಲ. ಅವರು ಗಾಬರಿಯಿಂದ ಹಿಂದಕ್ಕೆ ಜಿಗಿದರು. ಅವರ ನೆರಳು ಉದ್ದಕ್ಕೆ ಬಿತ್ತು.

“ಇನ್ನರೆ ಆ ಮರದ ಉಲ್ಲೇಖ ತೆಗೀರಿ!” ಎಂದು ಕೂಗಿದರು.

“ತೆಗಿಯಂಗಿಲ್ಲರೀ,” ಎಂದು ನಾನೂ ಆ ಜಾಗದಿಂದ ಹೊರಬಂದೆ.

ನನ್ನ ನೆರಳು ಮಾತ್ರ ಆ ಇಲ್ಲದ ಮರದ ನೆರಳಲ್ಲೇ ಉಳಿಯಿತು; ಅಂದಿನಿಂದ ಎಲ್ಲಿಯೂ ಬಿದ್ದಿಲ್ಲ. ಆ ಮರದ ಉಲ್ಲೇಖವನ್ನು ನಾನು ತೆಗೆದೂ ಇಲ್ಲ.