ಬೋಗುಣಿಯಲ್ಲಿ ಅಂಗೈ

ದವಡೆಯ ಎಕ್ಸ್‌ರೇ ಮಾಯ! ನಾನು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಎಕ್ಸ್‌ರೇ ಸಿಕ್ಕಿಸಿ ನೋಡುವ ದೀಪದ ಹಲಗೆ ಬೋಳು. ಹುಲಿಯ ಹಲ್ಲನ್ನು ಹುಲಿಗೇ ತಿಳಿಯದಂತೆ ಕೀಳಬಲ್ಲ ದಂತವೈದ್ಯ ನಾನು. ನನ್ನ ಕೋಣೆಯಲ್ಲೇ ಕಳ್ಳತನ!

ಒಳಗಿದ್ದವರು ಮೂವರೇ. ದವಡೆಯೆಲ್ಲ ನೀರುಗಂಟು ತುಂಬಿದ್ದ ಹುಡುಗಿ, ಅವಳ ತಾಯಿ, ಗಡ್ಡದ ತಂದೆ. ವಂಶದಲ್ಲಿ ಬರುವ ಅಪರೂಪದ ಕಾಯಿಲೆಯಿರಬಹುದು, ಹೆತ್ತವರನ್ನೂ ಪರೀಕ್ಷಿಸಬೇಕು ಎಂದು ಆಗಷ್ಟೇ ಹೇಳಿದ್ದೆ.

ಹುಡುಗಿಯ ಮೂಗಿನ ಮೇಲಿನ ಗಂಟಿಗೆ ಚರ್ಮದ ಡಾಕ್ಟರು ನಾಳೆ ವಿಕಿರಣ ಕೊಡುವವರಿದ್ದರು. ಈ ಕಾಯಿಲೆಯವರಿಗೆ ಅದು ತಗುಲಿದರೆ ಒಂದು ಗಂಟಿದ್ದಲ್ಲಿ ನೂರು ಏಳಬಹುದು. ಅದನ್ನು ತಡೆಯಲು ಆ ಎಕ್ಸ್‌ರೇ ಬೇಕಿತ್ತು. ಇನ್ನೊಂದು ತೆಗೆಯೋಣವೆಂದರೆ ಅದೂ ವಿಕಿರಣವೇ. ಬರೀ ನನ್ನ ಮಾತನ್ನು ಆ ಡಾಕ್ಟರು ನಂಬರು. ನನ್ನ ಕೀರ್ತಿ ಕಂಡು ಹೊಟ್ಟೆಯುರಿ!

"ಅವ್ಳನ್ನೇ ಕೇಳಿ ಡಾಕ್ಟ್ರೇ," ಎಂದ ತಂದೆ. "ರೋಗ ಅವ್ಳ ತವರಿನದು. ಹೆದರಿ ಬಚ್ಚಿಟ್ಟಿರ್ತಾಳೆ."

ತಾಯಿ ಬ್ಯಾಗನ್ನು ಎದೆಗೊತ್ತಿಕೊಂಡಳು. ಸುರುವಿಸಿದೆ. ಬಾಚಣಿಗೆ, ಕರವಸ್ತ್ರ, ಬೀಗದ ಕೈ. ಅಷ್ಟೇ.

*

ಬೋಗುಣಿಯಲ್ಲಿ ಬೆಚ್ಚಗಿನ ನೀರು ತರಿಸಿದೆ.

"ಫಿಲ್ಮಿಗೆ ನನ್ನದೇ ಗುಪ್ತ ಮದ್ದು ಬಳಿದಿದೀನಿ. ಮುಟ್ಟಿದ ಕೈ ನೀಲಿಯಾಗುತ್ತೆ. ಅದ್ದಿ ಇಬ್ಬರೂ!"

ಹಸಿ ಸುಳ್ಳು. ಆದರೂ ಅದ್ದಿದರು.

ಬಹಳ ಹೊತ್ತು ನೆನೆಸಿ ನೋಡಿದೆ. ತಾಯಿಯ ಅಂಗೈ ಸುಕ್ಕಾಗಿತ್ತು, ಅಷ್ಟೇ. ತಂದೆಯದರ ತುಂಬ ಸೂಜಿ ಚುಚ್ಚಿದಂಥ ಪುಟ್ಟ ಗುಳಿಗಳು.

"ನೀಲಿ ಎಲ್ಲಿದೆ?" ಎಂದ ಅವನು, ಗೆದ್ದವನ ಹಾಗೆ.

"ನೀಲಿ ಯಾರಿಗೆ ಬೇಕು ಸ್ವಾಮಿ? ಈ ಕಾಯಿಲೆಯವರ ಅಂಗೈಯಲ್ಲಿ ಗುಳಿ ಇರುತ್ತೆ. ನೆನೆದರೆ ಎದ್ದು ಕಾಣುತ್ತೆ. ಮಗು, ನಿನ್ನ ಕೈ ತೋರಿಸು."

ಹುಡುಗಿ ಅಪ್ಪನ ಅಂಗೈ ಪಕ್ಕ ತನ್ನದನ್ನಿಟ್ಟಳು. ಅವವೇ ಗುಳಿಗಳು.

"ಗಡ್ಡದಡಿ ಗಂಟು ತೆಗೆಸಿದ ಹೊಲಿಗೆ ಗುರುತೂ ಇರ್ಬೇಕಲ್ಲ? ಪರೀಕ್ಷೆಗೆ ಹೆದರಬೇಕಾದವರು ನೀವು. ಅದಕ್ಕೇ ಕದ್ರಿ. ನಾಳೆ ವಿಕಿರಣ ಬಿದ್ರೆ ಇವಳ ಮುಖದ ತುಂಬ ಗಂಟು ಏಳುತ್ತೆ. ಗೊತ್ತಾ?"

ಅವನ ಮುಖ ಸುಣ್ಣವಾಯಿತು. "ಅಯ್ಯೋ, ಗೊತ್ತಿರ್ಲಿಲ್ಲ... ಮದುವೆ ಹೊತ್ತಿಗೆ ಮುಚ್ಚಿಟ್ಟೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

ತಾಯಿ ಅವನ ಅಂಗಿಯೊಳಗೆ ಕೈ ಹಾಕಿ ಎಕ್ಸ್‌ರೇ ಎಳೆದು ನನಗೆ ಕೊಟ್ಟಳು.

"ನನ್ನ ರಕ್ತವೇ ಕೆಟ್ಟದ್ದು ಅಂತ ಅತ್ತೆ ಅಂದಾಗೆಲ್ಲ," ಎಂದಳು ಗಂಡನಿಗೆ, "ನೀವು ತಲೆ ಬಗ್ಗಿಸಿ ಉಣ್ತಾ ಇದ್ರಿ."

ನಾನು ಚರ್ಮದ ಡಾಕ್ಟರಿಗೆ ಫೋನ್ ಮಾಡಿದೆ. ವಿಕಿರಣ ರದ್ದು, ಗಂಟನ್ನು ಕತ್ತರಿಸಿಯೇ ತೆಗೆಯುವುದೆಂದಾಯಿತು. ಬಿಸಿಲಿನಿಂದ ದೂರವಿರಬೇಕು, ದವಡೆಯನ್ನು ಆಗಾಗ ತೋರಿಸಬೇಕು, ಅಪ್ಪನೂ ಬರಬೇಕು ಎಂದೆ. ತಾಯಿ ಮಗಳು ಎದ್ದು ಹೋದರು.

ನೀರು ತಣ್ಣಗಾಗಿತ್ತು. ಅವನು ಮತ್ತೆ ಕೈಗಳನ್ನು ಅದರಲ್ಲಿ ಮುಳುಗಿಸಿ ಕೂತಿದ್ದ. ಊರಿಗೆಲ್ಲ ಕೇಳುವಂತೆ ಕೊಚ್ಚಿಕೊಳ್ಳುವ ನಾನು ಸದ್ದಾಗದಂತೆ ಒಂದು ಟವೆಲ್ ತಂದು ಅವನ ಪಕ್ಕ ಇಟ್ಟೆ.