ನೀಲಮಳ ಎರಡನೆಯ ಖಾತೆ

2016ರ ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಹಾರೂಗೇರಿ ಠಾಣೆಗೆ ಬಂದ ನೀಲಮ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ತನ್ನ ಮೊಬೈಲನ್ನು ಇನ್ಸ್‌ಪೆಕ್ಟರ್ ಭಾಗ್ಯಾ ಕಾಂಬಳೆಯವರ ಮುಂದೆ ಹಿಡಿದಳು.

"ಮೇಡಂ, ಇದು ನನ್ನ ಮಾರಿ, ನನ್ನ ಹೆಸರು. ಆದ್ರ ಈ ಖಾತೆ ನಂದಲ್ರಿ."

ನೀಲಮ ಊರಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ, ಹಿಂದೆ ಒಳ್ಳೆಯ ಕಬಡ್ಡಿ ಆಟಗಾರ್ತಿ. ಅವಳು ಫೇಸ್‌ಬುಕ್‌ಗೆ ಹಾಕಿದ ಚಿತ್ರಗಳನ್ನೆಲ್ಲ ಯಾರೋ ಇಳಿಸಿಕೊಂಡು ಅವಳದೇ ಹೆಸರಿನಲ್ಲಿ ಇನ್ನೊಂದು ಖಾತೆ ನಡೆಸುತ್ತಿದ್ದರು. ಹಿಂದಿನ ದಿನ ಮುಗಳಖೋಡದ ಬೀಗರು ಅವಳ ಮನೆಯಲ್ಲಿ ಮದುವೆ ಮಾತಿಗೆ ಕೂತಿದ್ದಾಗಲೇ, ಆ ಖಾತೆ ಅವಳದೇ ಎಂದು ನಂಬಿದ್ದ ನಿಪ್ಪಾಣಿಯ ವಿಕ್ರಾಂತ ಎಂಬವನು ತಾಯಿಯೊಂದಿಗೆ ಸೀರೆ, ಹಣ್ಣು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಎದ್ದು ಹೋದ ಬೀಗರು ಈಗ ಫೋನ್ ಎತ್ತುತ್ತಿರಲಿಲ್ಲ.

ಗುರುತಿನ ಕಳ್ಳತನಕ್ಕೆ ಅನ್ವಯಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಆ ಖಾತೆಯ ಹಿಂದಿರುವ ಫೋನ್ ನಂಬರು ಬೇಕೆಂದು ಬೆಳಗಾವಿಯ ಸೈಬರ್ ವಿಭಾಗಕ್ಕೆ ತುರ್ತು ಪತ್ರ ಹೋಯಿತು. ಮಧ್ಯಾಹ್ನ ವಿಕ್ರಾಂತನನ್ನು ಕರೆಸಿದರು.

"ಭೇಟಿ ಆಗಿದ್ರೇನು?"

"ಇಲ್ರಿ. ಬರೇ ಮೆಸೇಜು. ಫೋನ್ ಮಾಡಿದ್ರ ಎತ್ತತಿರಲಿಲ್ಲ."

"ಏನರೆ ಕೇಳಿದ್ಲು?"

"ಏನೂ ಇಲ್ರಿ. ಕಬಡ್ಡಿ ಬಗ್ಗೆನ ಬರೀತಿದ್ಲು."

"ಮನಿ ಹ್ಯಾಂಗ ಗೊತ್ತಾತು?"

"ಫೋಟೋದಾಗ ಅಂಗಿ ಮ್ಯಾಲ ಊರ ಹೆಸರಿತ್ರಿ. ಹೇಳದ ಬಂದ್ನಿ. ಆಯಿ ಭಾಳ ಖುಷಿಲೆ ಸೀರಿ ತಂದಿದ್ಲು." ಅವನು ತಲೆ ಎತ್ತಲಿಲ್ಲ.

ಭಾಗ್ಯಾ ಆ ಖಾತೆಯನ್ನು ಮೊದಲಿನಿಂದ ಓದತೊಡಗಿದರು. ಚಹಾ ಆರಿಹೋಯಿತು. ಪದಕ ಹಿಡಿದು ನಗುತ್ತಿರುವ ನೀಲಮಳ ಚಿತ್ರವೊಂದರ ಕೆಳಗೆ ಹೀಗಿತ್ತು: 'ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕಡೆಯ ರೇಡಿಗೆ ಹೋದೆ. ಮೂವರನ್ನು ಮುಟ್ಟಿ ಗೆರೆಗೆ ಬಿದ್ದೆ.'

ಮರುದಿನ ನೀಲಮಳಿಗೆ ಅದನ್ನು ತೋರಿಸಿದರು.

"ಈ ಚಿತ್ರ ಎಲ್ಲಿ ಹಾಕಿದ್ದಿ?"

"ಎಲ್ಲೂ ಇಲ್ರಿ. ನಮ್ಮ ಟೀಮಿನ ವಾಟ್ಸ್ಆ್ಯಪ್ ಗುಂಪಿಗಷ್ಟ ಕಳಿಸಿದ್ನಿ."

ಭಾಗ್ಯಾ ನೆಟ್ಟಗೆ ಕೂತರು. ಇಡೀ ಊರಿನಲ್ಲಿ ಹುಡುಕಬೇಕಿದ್ದ ಕಳ್ಳತನ ಒಂದು ತಂಡದೊಳಗೆ ಬಂದು ನಿಂತಿತ್ತು.

"ನಿನ್ನ ಮೊಣಕಾಲಿಗೆ ಪೆಟ್ಟಾಗಿತ್ತೇನು?"

"ನನಗ ಎಂದೂ ಆಗಿಲ್ರಿ. ಅದು..." ನೀಲಮ ಮತ್ತೊಮ್ಮೆ ಓದಿದಳು. "ಆ ಫೈನಲ್‌ನಾಗ ಪಟ್ಟಿ ಕಟ್ಟಿಕೊಂಡು ಆಡಿದಾಕಿ ಕೋಮಲ ರೀ, ನಮ್ಮ ಟೀಮಿನಾಕಿ. ಮದುವಿ ಮಾಡಿ ಜುಗೂಳ ಊರಿಗೆ ಕೊಟ್ಟಾರ."

ಅಷ್ಟರಲ್ಲೇ ಪೇದೆ ಜಿನ್ನಪ್ಪ ಸೈಬರ್ ವಿಭಾಗದ ಉತ್ತರ ಹಿಡಿದು ಬಹುತೇಕ ಓಡುತ್ತಲೇ ಒಳಗೆ ಬಂದ. "ಮೇಡಂ, ನಂಬರ್ ಸಿಕ್ತು. ಸಿಮ್ ಬಾಳಾಸಾಬ ಅನ್ನಾವನ ಹೆಸರಿನಾಗ ಐತಿ. ಊರು ಜುಗೂಳ."

"ಕೋಮಲನ ಮಾವ," ಎಂದಳು ನೀಲಮ.

ಭಾಗ್ಯಾ ಟೋಪಿ ಎತ್ತಿಕೊಂಡು ಆಗಲೇ ಬಾಗಿಲಲ್ಲಿದ್ದರು. ಕೃಷ್ಣೆಯ ದಂಡೆಯ ಕಬ್ಬಿನ ನಡುವೆ ಜೀಪು ಧೂಳೆಬ್ಬಿಸುತ್ತ ಓಡಿತು.

ಕೋಮಲ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಖಾಕಿ ಕಂಡವಳೇ ಸೊಂಟದಿಂದ ಮೊಬೈಲು ತೆಗೆದು ತಾನಾಗಿಯೇ ಚಾಚಿದಳು. ಊರಿನ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಮೊಬೈಲಿನೊಳಗೆ ನೀಲಮಳ ನೂರಾರು ಚಿತ್ರಗಳನ್ನು ಒಟ್ಟಿಗೆ ಕೂಡಿಟ್ಟು, ಆ ಸಂಗ್ರಹಕ್ಕೆ 'ನಾನು' ಎಂದು ಹೆಸರಿಟ್ಟಿದ್ದಳು.

"ನಿನ್ನ ಚಿತ್ರ ಒಂದೂ ಇಲ್ಲಲ್ಲ?" ಎಂದರು ಭಾಗ್ಯಾ.

"ಫೋಟೋ ಹಾಕಬ್ಯಾಡಂತ ಮನ್ಯಾಗ ಮೊದಲ ಹೇಳ್ಯಾರ್ರಿ."

"ಆಟದಾಗಿಂದು?"

"ಫೈನಲ್ ಮುಗಿಯೂದ್ರಾಗ ಕಾಕಾ ಗಾಡಿ ತಗೊಂಡು ಬಂದಿದ್ದ. ಕನ್ಯಾ ನೋಡಾಕ ಬಂದಾರಂತ ಕರಕೊಂಡು ಹ್ವಾದ. ಪದಕ ಕೊಡೂಮುಂದ, ಫೋಟೋ ತಗಿಯೂಮುಂದ ನಾ ಇರಲಿಲ್ಲ. ಆಟ ನಂದು. ತೋರಸಾಕ ಮಾರಿ ಬೇಕಿತ್ರಿ."

ಆ ಸಂಜೆ ಕೋಮಲಳ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧವಾದ್ದರಿಂದ ಬಾಳಾಸಾಬನಿಂದ ಸಹಿ ಪಡೆದು ಅವಳನ್ನು ಬಿಟ್ಟರು. ಮುಗಳಖೋಡದವರಿಗೆ ಭಾಗ್ಯಾ ತಾವೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಹೇಳಿಕೆಗೆ ಸಹಿ ಮಾಡಲು ಬಂದ ನೀಲಮ ಅದನ್ನು ಪೂರ್ತಿ ಓದಿ ಪೆನ್ನು ಕೆಳಗಿಟ್ಟಳು.

"ಕೇಸ್ ಹಿಂದ ತಗೋಳಂಗಿಲ್ರಿ," ಎಂದಳು. "ಆದ್ರ ಒಂದು ಮಾತು ಬರಕೋರ್ರಿ. ಆ ಫೈನಲ್ ಗೆಲಿಸಿದಾಕಿ ಕೋಮಲ."

ಭಾಗ್ಯಾ ಆ ಮಾತನ್ನು ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡರು.